ಉಮೇದುವಾರನ ಬಿನ್ನಪ

ಕೆಲಸಕ್ಕಾಗಿ ಅರ್ಜಿ ಹಾಕಿಕೊಂಡವನನ್ನು ನಮ್ಮ ಕಚೇರಿಗಳ ಕನ್ನಡವು ಬಹುಕಾಲ ‘ಉಮೇದುವಾರ’ನೆಂದು ಕರೆಯಿತು. ಮಾತು ಪಾರಸಿಯದು. ಅಲ್ಲಿ ಉಮೇದು ಎಂದರೆ ಆಸೆ. ಉಮೇದುವಾರನೆಂದರೆ ಆಸೆಯಿಟ್ಟುಕೊಂಡು ಕಾದಿರುವವನು. ಕನ್ನಡಕ್ಕೆ ಬಂದ ಮೇಲೆ ಉಮೇದಿಗೆ ಉತ್ಸಾಹವೆಂಬ ಅರ್ಥ ಅಂಟಿಕೊಂಡಿತು. ಹತ್ತು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದವನಲ್ಲಿ ಉತ್ಸಾಹ ಉಳಿದಿರುತ್ತದೆಯೋ ಇಲ್ಲವೋ, ಆಸೆಯಂತೂ ಉಳಿದೇ ಇರುತ್ತದೆ. ಆದಕಾರಣ ಪಾರಸಿಯ ಮೂಲಾರ್ಥವೇ ಮೇಲೆಂದು ನನಗೆ ತೋರುತ್ತದೆ. ಅರ್ಜಿ, ಶಿಫಾರಸು, ನೌಕರಿ, ಹಾಜರಿ, ಮಂಜೂರು ಇವೆಲ್ಲವೂ ಪಾರಸಿ ಅರಬ್ಬಿಗಳ ದಾರಿಯಿಂದಲೇ ನಮ್ಮಲ್ಲಿಗೆ ಬಂದ ಮಾತುಗಳು. ಅದಕ್ಕೂ ಹಿಂದೆ ನಮ್ಮವರು ‘ಬಿನ್ನಪ’ ಮಾಡಿಕೊಳ್ಳುತ್ತಿದ್ದರು. ಅದು ವಿಜ್ಞಾಪನೆಯ ತದ್ಭವ. ಬಿನ್ನಪ ಫಲಿಸಿದರೆ ‘ಓಲಗ’ ದೊರೆಯುತ್ತಿತ್ತು. ಅರಸನ ಸಭೆಗೂ ಓಲಗವೆಂದೇ ಹೆಸರು, ಅಲ್ಲಿ ಮಾಡುವ ಸೇವೆಗೂ ಓಲಗವೆಂದೇ ಹೆಸರು.

ಈಗಿನ ತರುಣರು ‘ರೆಸ್ಯೂಮೆ’ ಎನ್ನುತ್ತಾರೆ. ಅವರ ತಂದೆಯರು ‘ಬಯೋಡೇಟಾ’ ಎನ್ನುತ್ತಿದ್ದರು. ರೆಸ್ಯೂಮೆ ಫ್ರೆಂಚ್ ಮಾತು, ಅಡಕಗೊಳಿಸಿದ್ದು ಎಂದು ಅರ್ಥ. ಇದರ ಜೊತೆಗಾರನಾದ ‘ಕರಿಕ್ಯುಲಂ ವೀಟೆ’ ಲ್ಯಾಟಿನ್ನಿನದು. ಬಾಳಿನ ಓಟವೆಂದು ಅದನ್ನು ಬಿಡಿಸಿ ಹೇಳಬಹುದು. ಓಡಿದ ಓಟವನ್ನೆಲ್ಲ ಒಂದು ಹಾಳೆಯಲ್ಲಿ ಅಡಕಮಾಡುವುದೆಂದರೆ ಮುಕ್ಕಾಲು ಪಾಲನ್ನು ಬಿಡಬೇಕೆಂದೇ ಅರ್ಥವಲ್ಲವೇ? ಏನನ್ನು ಇಡಬೇಕು, ಏನನ್ನು ಬಿಡಬೇಕು, ಯಾವುದನ್ನು ಮೊದಲು ಹೇಳಬೇಕು ಎಂಬ ಸಂಕಟ ಇಂದು ಹುಟ್ಟಿದ್ದಲ್ಲ. ಐದು ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಒಬ್ಬ ಉಮೇದುವಾರನು ಈ ಸಂಕಟವನ್ನು ಹೇಗೆ ಬಗೆಹರಿಸಿಕೊಂಡನೆಂಬುದಕ್ಕೆ ಕಾಗದವೇ ಸಾಕ್ಷಿಯಾಗಿ ಉಳಿದಿದೆ.

ಆತನ ಹೆಸರು ಲಿಯೊನಾರ್ಡೋ ಡ ವಿಂಚಿ. ಕಾಲ 1482ರ ಸುಮಾರು. ವಯಸ್ಸು ಮೂವತ್ತು. ಹುಟ್ಟೂರಿಗೆ ಸಮೀಪದ ಫ್ಲಾರೆನ್ಸ್ ನಗರದಲ್ಲಿ ಚಿತ್ರಕಾರನೆಂದು ಹೆಸರು ಬಂದಿತ್ತು. ಜೊತೆಗೆ, ಒಪ್ಪಿಕೊಂಡ ಕೆಲಸವನ್ನು ಮುಗಿಸುವವನಲ್ಲವೆಂಬ ಹೆಸರೂ ಬಂದಿತ್ತು. ಒಂದು ಮಠದವರು ಹೇಳಿ ಬರೆಯಿಸುತ್ತಿದ್ದ ದೊಡ್ಡ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಆತನು ಮಿಲಾನಿನ ಕಡೆ ಮುಖ ಮಾಡಿದನು. ಅಲ್ಲಿ ಲುಡೊವಿಕೊ ಸ್ಫೋರ್ಜಾ ಎಂಬವನು ತನ್ನ ಅಣ್ಣನ ಎಳೆಯ ಮಗನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದನು. ದಳವಾಯಿಯೊಬ್ಬನು ಕತ್ತಿಯಿಂದ ಗಳಿಸಿದ ರಾಜ್ಯವದು. ನೆರೆಯ ವೆನಿಸ್ ಬಲಶಾಲಿ, ಮತ್ತು ಅದೇ 1482ರಲ್ಲಿ ವೆನಿಸಿನೊಡನೆ ಯುದ್ಧವೂ ಮೊದಲಾಗಿತ್ತು. ಇಂಥ ಅರಸನಿಗೆ ರಾತ್ರಿ ನಿದ್ದೆಗೆಡಿಸುತ್ತಿದ್ದ ಯೋಚನೆ ಯಾವುದಿರಬಹುದೆಂದು ಲಿಯೊನಾರ್ಡೋ ಊಹಿಸಿದನು. ಪತ್ರವೆಲ್ಲ ಆ ಊಹೆಯ ಮೇಲೆ ನಿಂತಿದೆ.

ಈ ಪತ್ರದ ಕರಡು ಇಂದಿಗೂ ಮಿಲಾನಿನ ಆಂಬ್ರೋಸಿಯಾನ ಗ್ರಂಥಾಲಯದಲ್ಲಿದೆ. ಅದರ ಅಕ್ಷರ ಲಿಯೊನಾರ್ಡೋನದಲ್ಲವೆಂದು ಬಲ್ಲವರು ಹೇಳುತ್ತಾರೆ. ಆತನು ಎಡಗೈಯವನು, ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದರೆ ಮಾತ್ರ ಸರಿಯಾಗಿ ಕಾಣುವಂತೆ ಬರೆಯುವುದು ಆತನ ರೂಢಿ. ಅರಸನ ಮುಂದೆ ಕನ್ನಡಿ ಹಿಡಿಯಲಾದೀತೇ! ದುಂಡಗೆ ಬರೆಯಬಲ್ಲ ಯಾರೋ ಒಬ್ಬರಿಂದ ಬರೆಯಿಸಿದ್ದಾನೆ. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಮರದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುತ್ತಿದ್ದವರ ಕುಲ ಬಹು ಹಳೆಯದೆಂದಾಯಿತು.

ಪತ್ರದಲ್ಲಿ ಲಿಯೊನಾರ್ಡೋನ ಊರಿಲ್ಲ, ವಯಸ್ಸಿಲ್ಲ, ತಂದೆಯ ಹೆಸರಿಲ್ಲ, ಗುರುವಿನ ಹೆಸರಿಲ್ಲ. ಹೇಳಿಕೊಂಡಿದ್ದರೂ ಲಾಭವಿರಲಿಲ್ಲವೆನ್ನಿ. ತಂದೆ ದಸ್ತಾವೇಜು ಬರೆಯುವ ವೃತ್ತಿಯ ಗೌರವಸ್ಥನಾದರೂ ಈತನು ಆ ಮನೆಯ ವಿವಾಹಿತೆಯ ಮಗನಲ್ಲ. ಶಾಲೆಯಲ್ಲಿ ಕ್ರಮವಾಗಿ ಲ್ಯಾಟಿನ್ ಕಲಿತವನಲ್ಲ. ವಿದ್ಯೆಯಿಲ್ಲದವನೆಂದು ತನ್ನನ್ನು ತಾನೇ ಬರೆದುಕೊಂಡದ್ದುಂಟು. ಇಂದಿನ ನಮೂನೆಯ ಫಾರಂ ಕೊಟ್ಟಿದ್ದರೆ ‘ವಿದ್ಯಾರ್ಹತೆ’ಯ ಮುಂದೆ ಗೀಟು ಎಳೆಯಬೇಕಾಗಿತ್ತು. ಗುರುವಾದ ವೆರೋಕ್ಕಿಯೋನ ಹೆಸರು ಮಾತ್ರ ಎಲ್ಲೆಡೆ ಬೆಲೆಬಾಳುವಂಥದು, ಅದನ್ನೂ ಬಿಟ್ಟಿದ್ದಾನೆ. ಬಿಟ್ಟದ್ದಕ್ಕೆ ಕಾರಣ ಸರಳ. ಅರಸನಿಗೆ ಬೇಕಾಗಿದ್ದುದು ಚಿತ್ರಕಾರನ ಶಿಷ್ಯನಲ್ಲ.

ಮೊದಲ ವಾಕ್ಯದಲ್ಲಿಯೇ, ಯುದ್ಧಯಂತ್ರಗಳಲ್ಲಿ ನಿಪುಣರೆಂದು ಹೇಳಿಕೊಳ್ಳುವ ಇತರರ ಕೆಲಸವನ್ನು ನೋಡಿದ್ದೇನೆ, ಅದರಲ್ಲಿ ಹೊಸದೇನೂ ಕಾಣಲಿಲ್ಲ, ಆದ್ದರಿಂದ ಯಾರನ್ನೂ ಹಳಿಯದೆ ನನ್ನ ಗುಟ್ಟುಗಳನ್ನು ತಮಗೆ ತಿಳಿಸುತ್ತೇನೆ ಎನ್ನುತ್ತಾನೆ. ಯಾರನ್ನೂ ಹಳಿಯದೆ ಎಂಬ ಮಾತಿನ ಚಮತ್ಕಾರವನ್ನು ವಾಚಕರು ಗಮನಿಸಬೇಕು. ಹಳಿಯುವುದು ಮುಗಿದ ಮೇಲೆ ಅದು ಬರುತ್ತದೆ.

ಆಮೇಲೆ ಅಂಕಿ ಹಾಕಿ ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಹಗುರವಾದರೂ ಗಟ್ಟಿಯಾದ, ಹೊತ್ತೊಯ್ಯಬಹುದಾದ ಸೇತುವೆಗಳು. ವೈರಿಯ ಸೇತುವೆಯನ್ನು ಸುಡುವ ಬಗೆ. ಮುತ್ತಿಗೆ ಹಾಕಿದಾಗ ಕಂದಕದ ನೀರನ್ನು ಬಸಿಯುವ ಉಪಾಯ. ಫಿರಂಗಿಯ ಗುಂಡಿಗೆ ಜಗ್ಗದ ಕೋಟೆಯಾದರೆ ಅದನ್ನು ಕೆಡವಲು ಬೇರೊಂದು ಉಪಾಯ. ಆನೆಕಲ್ಲಿನ ಮಳೆಯಂತೆ ಸಣ್ಣ ಕಲ್ಲುಗಳನ್ನು ಸುರಿಸುವ ಫಿರಂಗಿ. ಸದ್ದಿಲ್ಲದೆ, ನದಿಯ ಕೆಳಗಾದರೂ ಸರಿ, ಸುರಂಗ ತೋಡುವ ವಿದ್ಯೆ. ಮೇಲೆ ಹೊದಿಕೆಯಿರುವ ಯುದ್ಧರಥಗಳು. ಫಿರಂಗಿ ನಡೆಯದ ಕಡೆ ಕವಣೆಯಂತ್ರಗಳು. ಕಡಲ ಕಾಳಗವಾದರೆ ಗುಂಡನ್ನು ತಡೆಯುವ ಹಡಗುಗಳು. ಮಿಲಾನ್ ಇರುವುದು ಒಳನಾಡಿನಲ್ಲಿ. ಹಡಗಿನ ಮಾತೇಕೆ ಎನ್ನಬಹುದು. ವೆನಿಸಿನ ಬಲವಿದ್ದುದು ಹಡಗುಗಳಲ್ಲಿ ಎಂಬುದನ್ನು ನೆನೆದರೆ ಅದೂ ಅರ್ಥವಾಗುತ್ತದೆ.

ಹತ್ತನೆಯದು ಶಾಂತಿಯ ಕಾಲದ್ದು: ಕಟ್ಟಡ ಕಟ್ಟಬಲ್ಲೆ, ಒಂದೆಡೆಯಿಂದ ಇನ್ನೊಂದೆಡೆಗೆ ನೀರು ಹರಿಸಬಲ್ಲೆ. ಇಷ್ಟೆಲ್ಲ ಆದ ಮೇಲೆ, ಮರೆತಿದ್ದದ್ದು ನೆನಪಿಗೆ ಬಂದಂತೆ, ಅಮೃತಶಿಲೆ ಕಂಚು ಮಣ್ಣುಗಳಲ್ಲಿ ಶಿಲ್ಪ ಮಾಡಬಲ್ಲೆ, ಚಿತ್ರವನ್ನೂ ಬರೆಯಬಲ್ಲೆ, ಯಾರಿಗೂ ಕಡಿಮೆಯಿಲ್ಲದಂತೆ, ಎಂದು ಸೇರಿಸುತ್ತಾನೆ. ಒಡನೆಯೇ ಇನ್ನೊಂದು ಮಾತು: ತಮ್ಮ ತಂದೆಯವರ ಕೀರ್ತಿಗಾಗಿ ಕಂಚಿನ ಕುದುರೆಯನ್ನು ಮಾಡಿಕೊಡಬಲ್ಲೆ. ಲುಡೊವಿಕೊ ತನ್ನ ತಂದೆಯ ಅಶ್ವಾರೂಢ ಪ್ರತಿಮೆಯನ್ನು ನಿಲ್ಲಿಸಲು ಆಶಿಸುತ್ತಿದ್ದನೆಂಬುದು ಲಿಯೊನಾರ್ಡೋನಿಗೆ ಗೊತ್ತಿತ್ತು. ಕಡೆಗೆ, ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ತಮ್ಮ ತೋಟದಲ್ಲಿಯೋ ತಾವು ಹೇಳಿದ ಕಡೆಯಲ್ಲಿಯೋ ಮಾಡಿ ತೋರಿಸಲು ಸಿದ್ಧನಿದ್ದೇನೆಂದು ಮುಗಿಸಿದ್ದಾನೆ.

ಈ ಪತ್ರವನ್ನು ಉದ್ಯೋಗಾರ್ಥಿಗಳಿಗೆ ಮೇಲುಪಂಕ್ತಿಯೆಂದು ತೋರಿಸುವವರು ಬಹಳ ಮಂದಿ. ಅವರು ಹೇಳುವುದು ನಿಜವೇ. ನಾನು ಯಾರು ಎಂಬ ಕಥೆಯನ್ನು ಬಿಟ್ಟು ನಿಮಗೆ ಏನಾಗಬೇಕು ಎಂಬ ಪ್ರಶ್ನೆಯಿಂದ ಮೊದಲು ಮಾಡಿದ್ದರಲ್ಲಿ ಆತನ ಜಾಣತನವಿದೆ. ಆದರೆ ಆ ವೇಳೆಗೆ ಆತನು ಅರಸರ ದಂಡಿಗೆಂದು ಸೇತುವೆ ಕಟ್ಟಿದವನೂ ಅಲ್ಲ, ಫಿರಂಗಿ ಎರಕ ಹೊಯ್ದು ಯುದ್ಧದಲ್ಲಿ ಹೆಸರಾದವನೂ ಅಲ್ಲ. ‘ಮಾಡಿದ್ದೇನೆ’ ಎಂಬ ಕಡೆಯಲ್ಲೆಲ್ಲ ‘ಬಲ್ಲೆ’ ಎಂದಿದ್ದಾನೆ. ಬರೆದವನು ಲಿಯೊನಾರ್ಡೋ ಅಲ್ಲದೆ ಬೇರೆಯವನಾಗಿದ್ದರೆ ಇದನ್ನು ಬಡಾಯಿ ಎನ್ನಲು ನಾವು ಹಿಂಜರಿಯುತ್ತಿರಲಿಲ್ಲ.

ಫಲವೇನಾಯಿತು? ಮಿಲಾನಿನಲ್ಲಿ ಆತನಿಗೆ ದೊರೆತ ಮೊದಲ ದೊಡ್ಡ ಕೆಲಸಕ್ಕೆ 1483ರ ಏಪ್ರಿಲಿನ ಕರಾರುಪತ್ರವಿದೆ. ಅದು ಒಂದು ಧಾರ್ಮಿಕ ಸಂಘದವರ ಪೂಜಾವೇದಿಕೆಗೆ ಬೇಕಾದ ಚಿತ್ರ! ಅರಸನ ಸೇವೆ ಆಮೇಲೆ ಬಂತು, ಅದರಲ್ಲಿಯೂ ಹಬ್ಬ ಮದುವೆಗಳ ನಾಟಕಕ್ಕೆ ರಂಗಸಜ್ಜಿಕೆ ಮಾಡುವ ಕೆಲಸ ಕಡಿಮೆಯಿರಲಿಲ್ಲ. ಕುದುರೆಯ ಮೇಲೆ ಹಲವು ವರ್ಷ ದುಡಿದು 1493ರಲ್ಲಿ ಸುಮಾರು 24 ಅಡಿ ಎತ್ತರದ ಮಣ್ಣಿನ ಮಾದರಿಯನ್ನು ನಿಲ್ಲಿಸಿದನು. 1494ರಲ್ಲಿ ಫ್ರೆಂಚರು ಇಟಲಿಯ ಮೇಲೆ ಬಂದಾಗ ಕುದುರೆಗೆಂದು ಕೂಡಿಸಿದ್ದ ಕಂಚನ್ನು ಫಿರಂಗಿ ಮಾಡಲು ಫೆರಾರಕ್ಕೆ ಸಾಗಿಸಿಬಿಟ್ಟರು. 1499ರಲ್ಲಿ ಮಿಲಾನನ್ನೇ ಹಿಡಿದ ಫ್ರೆಂಚ್ ದಂಡಿನ ಬಿಲ್ಲಾಳುಗಳು ಮಣ್ಣಿನ ಕುದುರೆಯನ್ನು ಗುರಿಯಾಗಿಟ್ಟುಕೊಂಡು ಬಾಣ ಬಿಟ್ಟರು. ಈ ನಡುವೆ ಸಂಬಳ ಬಾಕಿ ನಿಂತಿದೆಯೆಂದು ಅರಸನಿಗೆ ಬರೆದ ಕಾಗದವೊಂದರ ಹರಿದ ತುಣುಕೂ ಸಿಕ್ಕಿದೆ. ಮಿಲಾನಿಗೆ ಹೋದವರು ಇಂದು ನೋಡಲು ಸಾಲುಗಟ್ಟುವುದು ಒಂದು ಮಠದ ಊಟದ ಮನೆಯ ಗೋಡೆಯ ಮೇಲೆ ಆತನು 1495ರಿಂದ 1498ರ ತನಕ ಬರೆದ ‘ಕಡೆಯ ಭೋಜನ’ದ ಚಿತ್ರವನ್ನು. ಅರ್ಜಿಯಲ್ಲಿ ಬಾಲಕ್ಕೆ ಕಟ್ಟಿದ್ದ ವಿದ್ಯೆ ಅದು.

ಮತ್ತೊಮ್ಮೆ, ಸುಮಾರು 1502ರಲ್ಲಿ, ಇದೇ ಧಾಟಿಯಲ್ಲಿ ತುರ್ಕಿಯ ಸುಲ್ತಾನ ಎರಡನೆಯ ಬಾಯಜೀದನಿಗೆ ಆತನು ಬರೆದನು. ಗಾಳಿಗಿರಣಿ ಮಾಡಿಕೊಡುತ್ತೇನೆ, ಇಸ್ತಾಂಬೂಲಿನ ‘ಚಿನ್ನದ ಕೊಂಬು’ ಎಂಬ ಕೊಲ್ಲಿಗೆ ಸೇತುವೆ ಕಟ್ಟುತ್ತೇನೆ ಎಂದು. ಆ ಪತ್ರದ ತುರ್ಕಿ ಭಾಷಾಂತರ 1952ರಲ್ಲಿ ಬೆಳಕಿಗೆ ಬಂತು. ಓಲಗ ದೊರೆಯಲಿಲ್ಲ.

ಲಿಯೊನಾರ್ಡೋನಿಗೆ ನಾಲ್ಕು ನೂರು ವರ್ಷ ಹಿಂದೆ ನಮ್ಮ ಕಲ್ಯಾಣಕ್ಕೂ ದೂರದಿಂದ ಒಬ್ಬ ಉಮೇದುವಾರನು ಬಂದಿದ್ದನು. ಕಾಶ್ಮೀರದ ಬಿಲ್ಹಣ. ಮಥುರೆ, ಕನೋಜು, ಕಾಶಿಗಳನ್ನು ಕಂಡು, ಗುಜರಾತಿನಲ್ಲಿ ಇದ್ದು, ರಾಮೇಶ್ವರದ ತನಕ ತಿರುಗಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆ ನಿಂತು ‘ವಿದ್ಯಾಪತಿ’ ಎನಿಸಿಕೊಂಡನು. ಅವನ ‘ವಿಕ್ರಮಾಂಕದೇವಚರಿತ’ದಲ್ಲಿ 18 ಸರ್ಗಗಳು. ಹದಿನೇಳು ಸರ್ಗ ಅರಸನ ಕಥೆ. ತನ್ನ ಊರು, ವಂಶ, ಓದು, ಅಲೆದಾಟ ಎಲ್ಲವೂ ಹದಿನೆಂಟನೆಯದರಲ್ಲಿ. ಆದರೆ ಮೊದಲ ಸರ್ಗದಲ್ಲಿಯೇ ಎಚ್ಚರಿಕೆಯೊಂದನ್ನು ಕೊಟ್ಟುಬಿಟ್ಟಿದ್ದಾನೆ: ರಾವಣನಿಗೆ ಅಪಕೀರ್ತಿ, ರಾಮನಿಗೆ ಕೀರ್ತಿ ಬಂದದ್ದು ಆದಿಕವಿಯಿಂದ; ಅರಸರು ಕವಿಗಳ ಸಿಟ್ಟಿಗೆ ಗುರಿಯಾಗಬಾರದು. ತನ್ನಿಂದ ಅರಸನಿಗೆ ಏನು ಪ್ರಯೋಜನವೆಂಬುದನ್ನು ಇಷ್ಟು ನೇರವಾಗಿ ಹೇಳಲು ಲಿಯೊನಾರ್ಡೋನಿಗೂ ಧೈರ್ಯ ಬರಲಿಲ್ಲ.

ಅರಸರ ಕಾಲ ಹೋಗಿ ಕಚೇರಿಗಳ ಕಾಲ ಬಂದ ಮೇಲೆ ಬಿನ್ನಪದ ಸ್ವರವೇ ಬೇರೆಯಾಯಿತು. ಓದುವವನು ಯಾರೆಂದು ಬರೆಯುವವನಿಗೆ ಗೊತ್ತಿಲ್ಲ. ಅವನ ಆಸೆ ಭಯಗಳನ್ನು ಊಹಿಸುವಂತಿಲ್ಲ. ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂಬ ಒಕ್ಕಣೆಯೊಂದೇ ಎಲ್ಲರಿಗೂ ಆಸರೆ. 1912ರ ಫೆಬ್ರವರಿ 9ರಂದು ಮದರಾಸಿನ ತಿರುವಲ್ಲಿಕ್ಕೇಣಿಯಿಂದ ಪೋರ್ಟ್ ಟ್ರಸ್ಟ್ ಕಚೇರಿಗೆ ಹೀಗೆಯೇ ಸಹಿ ಮಾಡಿದ ಒಂದು ಅರ್ಜಿ ಹೋಯಿತು. ಗುಮಾಸ್ತೆಯ ಸ್ಥಾನ ಖಾಲಿಯಿದೆಯೆಂದು ಕೇಳಿ ಬರೆದುಕೊಂಡದ್ದು. ಬರೆದವರು ಶ್ರೀನಿವಾಸ ರಾಮಾನುಜನ್.

ಅವರ ಸ್ಥಿತಿಯನ್ನು ನೆನೆಯಬೇಕು. ಎಫ್.ಎ. ಪರೀಕ್ಷೆ ಕುಂಭಕೋಣದಲ್ಲಿಯೂ ಆಗಲಿಲ್ಲ, ಮದರಾಸಿನಲ್ಲಿಯೂ ಆಗಲಿಲ್ಲ. ಗಣಿತವೊಂದನ್ನು ಬಿಟ್ಟು ಉಳಿದ ಪಾಠಗಳು ತಲೆಗೆ ಹತ್ತಲಿಲ್ಲ. ಮದುವೆಯಾಗಿದೆ, ವರಮಾನವಿಲ್ಲ. 1910ರಲ್ಲಿ ನೋಟುಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಡೆಪ್ಯುಟಿ ಕಲೆಕ್ಟರರೂ ಗಣಿತಪ್ರಿಯರೂ ಆಗಿದ್ದ ವಿ. ರಾಮಸ್ವಾಮಿ ಅಯ್ಯರರ ಬಳಿಗೆ ಸಣ್ಣದೊಂದು ಕೆಲಸ ಕೇಳಲು ಹೋದರು. ಪುಸ್ತಕವನ್ನು ತಿರುವಿ ನೋಡಿದ ಅಯ್ಯರರಿಗೆ, ಇಂಥವನನ್ನು ರೆವಿನ್ಯೂ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಪ್ರತಿಭೆಯನ್ನು ಹೊಸಕಿಹಾಕಲು ಮನಸ್ಸು ಬರಲಿಲ್ಲ. ಅವರು ಪರಿಚಯದ ಕಾಗದಗಳನ್ನು ಕೊಟ್ಟು ಕಳುಹಿಸಿದರು. ಮೆಚ್ಚಿಗೆ ದೊರೆಯಿತು, ಕೆಲಸ ದೊರೆಯಲಿಲ್ಲ! ಉಮೇದುವಾರರಿಗೆ ಈ ಬಗೆಯ ಮೆಚ್ಚಿಗೆ ಹೊಸದೇನಲ್ಲ.

ಪೋರ್ಟ್ ಟ್ರಸ್ಟಿಗೆ ಬರೆದ ಅರ್ಜಿಯಲ್ಲಿ ನಾಲ್ಕೈದು ವಾಕ್ಯಗಳಿಗಿಂತ ಹೆಚ್ಚಿಲ್ಲ. ಮೆಟ್ರಿಕ್ಯುಲೇಷನ್ ಪಾಸಾಗಿದ್ದೇನೆ, ಎಫ್.ಎ. ತನಕ ಓದಿದೆ, ಹಲವು ಅನನುಕೂಲಗಳಿಂದ ಓದು ಮುಂದುವರಿಯಲಿಲ್ಲ, ಆದರೂ ನನ್ನ ಹೊತ್ತನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸಬಲ್ಲೆ. ಹಸಿವು, ಅಲೆದಾಟ, ಎರಡು ಕಾಲೇಜುಗಳ ನಪಾಸು ಎಲ್ಲವೂ ‘ಹಲವು ಅನನುಕೂಲ’ಗಳಲ್ಲಿ ಅಡಗಿ ಕುಳಿತಿವೆ. ಸುಳ್ಳಿಲ್ಲ, ಅಳುವೂ ಇಲ್ಲ. ನಮ್ಮ ಕಾಲೇಜಿನ ಹುಡುಗರು ಅರ್ಜಿ ಬರೆದು ತಿದ್ದಿಕೊಡಿರೆಂದು ತಂದಾಗ, ಹೋದ ವರ್ಷಗಳ ಲೆಕ್ಕವನ್ನು ಹೇಗೆ ಒಪ್ಪಿಸಬೇಕೆಂದು ತಿಳಿಯದೆ ಅರ್ಧ ಪುಟ ಕಾರಣ ಬರೆದಿರುತ್ತಾರೆ. ಅವರಿಗೆ ನಾನು ತೋರಿಸುವುದು ಲಿಯೊನಾರ್ಡೋನ ಕಾಗದವನ್ನಲ್ಲ, ಈ ಅರ್ಜಿಯನ್ನು. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟರ ಶಿಫಾರಸು ಪತ್ರವೂ ಜೊತೆಗಿತ್ತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು.

ಹನ್ನೊಂದು ತಿಂಗಳೊಳಗೆ, 1913ರ ಜನವರಿ 16ರಂದು, ಅದೇ ಕೈ ಕೇಂಬ್ರಿಜ್ಜಿನ ಜಿ.ಎಚ್. ಹಾರ್ಡಿಯವರಿಗೆ ಬೇರೊಂದು ಕಾಗದ ಬರೆಯಿತು. ಮೊದಲ ಸಾಲಿನಲ್ಲಿಯೇ ನಾನು ಮದರಾಸಿನ ಪೋರ್ಟ್ ಟ್ರಸ್ಟಿನ ಲೆಕ್ಕದ ಶಾಖೆಯ ಗುಮಾಸ್ತೆ, ವರ್ಷಕ್ಕೆ 20 ಪೌಂಡಿನ ಸಂಬಳದವನು ಎಂಬ ಪರಿಚಯ. ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲವೆಂದು ತಾವೇ ಹೇಳಿಬಿಡುತ್ತಾರೆ. ಇಲ್ಲಿ ವಿಧೇಯತೆಯ ಮಾತಿಗಿಂತ ಪ್ರಮೇಯಗಳೇ ಹೆಚ್ಚು. ಕಾಗದದ ಜೊತೆಗೆ ನೂರಕ್ಕೂ ಮಿಕ್ಕ ಫಲಿತಗಳನ್ನು ಪುಟ ಪುಟವಾಗಿ ಇಟ್ಟಿದ್ದರು. ಇವನ್ನು ಪೋರ್ಟ್ ಟ್ರಸ್ಟಿನ ಅರ್ಜಿಗೆ ಲಗತ್ತಿಸಿದ್ದರೆ ಸಾಮಾನ್ಯ ಹೆಡ್ ಗುಮಾಸ್ತೆಯೊಬ್ಬನು ಕಸದ ಬುಟ್ಟಿಗೆ ಹಾಕುತ್ತಿದ್ದನೇನೋ. ಪ್ರಮೇಯಗಳಿಲ್ಲದೆ ಬರಿಯ ಗುಮಾಸ್ತೆಯ ಕಾಗದವನ್ನು ಕಳುಹಿಸಿದ್ದರೆ ಹಾರ್ಡಿಯವರು ಏನು ಮಾಡುತ್ತಿದ್ದರೋ. ಅವರು ಗೆಳೆಯರಾದ ಲಿಟಲ್‌ವುಡ್‌ರನ್ನು ಕರೆದು ಒಟ್ಟಿಗೆ ಕುಳಿತು ಆ ಹಾಳೆಗಳನ್ನು ನೋಡಿದರು.

ಅದೇ 1913ರ ಮೇ ತಿಂಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಪದವಿಯೇ ಇಲ್ಲದ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ಸಂಶೋಧನ ವೇತನವನ್ನು ಮಂಜೂರು ಮಾಡಿತು.