ಅಂಗೈಯಲ್ಲೇ ಆಟದ ಸರ್ವರ್: ಸಾಧ್ಯವೆಷ್ಟು, ಮಿತಿಯೇನು?

ದೇವದುರ್ಗ: ಒಂದೇ ಕೋಣೆಯಲ್ಲಿ ಕುಳಿತ ನಾಲ್ವರು ತಮ್ಮ ತಮ್ಮ ಮೊಬೈಲ್‌ಗಳಲ್ಲಿ ಒಂದೇ ಆಟವನ್ನು ಆಡುತ್ತಿದ್ದರೂ, ಅವರ ಪ್ರತಿಯೊಂದು ನಡೆಯೂ ದೂರದ ನಗರದಲ್ಲಿರುವ ಕಂಪನಿಯ ಸರ್ವರ್‌ಗೆ ಹೋಗಿ ಮರಳುವುದು ಇಂದಿನ ಸಾಮಾನ್ಯ ಪದ್ಧತಿ. ಸಂಪರ್ಕ ಕಡಿದರೆ ಆಟವೂ ನಿಲ್ಲುತ್ತದೆ. ಸರ್ವರ್ ಮುಚ್ಚಿದರೆ ಆಟವೇ ಇಲ್ಲವಾಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿ, ಅಕ್ಟೋಬರ್ 30ರಂದು ಅದರ ಸರ್ವರ್ ಸೇವೆ ಭಾರತಕ್ಕೆ ಸ್ಥಗಿತಗೊಂಡಾಗ ದೇಶದ ಆಟಗಾರರಿಗೆ ಇದರ ಅನುಭವವಾಯಿತು. ತಮ್ಮದೇ ಮೊಬೈಲನ್ನು ಸರ್ವರ್ ಆಗಿಸಿಕೊಳ್ಳುವುದು ಈ ಅವಲಂಬನೆಗೆ ಒಂದು ಪರ್ಯಾಯ.

ಸರ್ವರ್ ಎಂದರೇನು?

ಯಾವ ಆಟಗಾರರು ಎಲ್ಲಿದ್ದಾರೆ, ಏನು ಮಾಡಿದರು ಎಂಬ ಲೆಕ್ಕವಿಟ್ಟು, ಎಲ್ಲರ ಪರದೆಗೂ ಒಂದೇ ಚಿತ್ರಣವನ್ನು ತಲುಪಿಸುವ ತಂತ್ರಾಂಶವೇ ಸರ್ವರ್. ಅದಕ್ಕೆ ಬೃಹತ್ ಯಂತ್ರವೇ ಬೇಕೆಂದಿಲ್ಲ. 1997ರಲ್ಲಿ ಬಂದ ನೋಕಿಯಾ 6110 ಫೋನಿನ ಹಾವಿನಾಟವನ್ನು ಇನ್‌ಫ್ರಾರೆಡ್ ಕಿರಣದ ನೆರವಿನಿಂದ ಇಬ್ಬರು ಆಡಬಹುದಿತ್ತು. ಮುಂದೆ ಕಾಲೇಜು ಯುವಕರಲ್ಲಿ ಜನಪ್ರಿಯವಾದ ಮಿನಿ ಮಿಲಿಷಿಯಾ ಆಟಕ್ಕೆ ಒಬ್ಬರ ಹಾಟ್‌ಸ್ಪಾಟ್ ಸಾಕಾಗಿತ್ತು.

ವ್ಯವಸ್ಥೆ ಹೇಗೆ?

ಅತ್ಯಂತ ಸರಳ ಮಾರ್ಗವೆಂದರೆ ಲುವಾಂಟಿ. 2024ರವರೆಗೆ ಮೈನ್‌ಟೆಸ್ಟ್ ಎಂದೇ ಹೆಸರಾಗಿದ್ದ ಈ ಉಚಿತ, ಮುಕ್ತ ತಂತ್ರಾಂಶ ಆಂಡ್ರಾಯ್ಡ್‌ನಲ್ಲಿಯೂ ಲಭ್ಯ. ಒಬ್ಬರು ಹಾಟ್‌ಸ್ಪಾಟ್ ಚಾಲೂ ಮಾಡಿ, ಆಟ ಆರಂಭಿಸುವಾಗ ಸರ್ವರ್ ಆಯ್ಕೆಯನ್ನು ಗುರುತಿಸಬೇಕು. ಉಳಿದವರು ಅದೇ ಹಾಟ್‌ಸ್ಪಾಟ್‌ಗೆ ಸೇರಿ, ಆ ಮೊಬೈಲ್‌ನ ಐಪಿ ವಿಳಾಸ ಹಾಗೂ 30000 ಎಂಬ ಪೋರ್ಟ್ ಸಂಖ್ಯೆಯನ್ನು ನಮೂದಿಸಿದರೆ ಆಟದೊಳಗೆ ಪ್ರವೇಶ ದೊರೆಯುತ್ತದೆ. ಅಂತರ್ಜಾಲದ ಹಂಗಿಲ್ಲ, ಡೇಟಾ ವೆಚ್ಚವಿಲ್ಲ.

ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್ ನಡೆಸಲು ಬಯಸುವವರು ಟರ್ಮಕ್ಸ್ ಎಂಬ ಆ್ಯಪ್ ಬಳಸುತ್ತಾರೆ. ಇದು ಲಿನಕ್ಸ್ ಮಾದರಿಯ ಆದೇಶಗಳನ್ನು ಮೊಬೈಲ್‌ನಲ್ಲಿ ನಡೆಸಲು ಅವಕಾಶ ನೀಡುತ್ತದೆ. ಇದರ ರೂಢಿಯ ಪೋರ್ಟ್ 25565. ಪರದೆ ಆರಿದಾಗ ಹಿನ್ನೆಲೆಯ ಕೆಲಸಗಳನ್ನು ಆಂಡ್ರಾಯ್ಡ್ ತಡೆಹಿಡಿಯುವುದರಿಂದ, ಟರ್ಮಕ್ಸ್‌ಗೆ ಬ್ಯಾಟರಿ ಉಳಿತಾಯದ ನಿಯಮದಿಂದ ವಿನಾಯಿತಿ ನೀಡುವುದು ಅವಶ್ಯ.

ದೂರದ ಗೆಳೆಯರಿಗೆ

ದೇವದುರ್ಗದ ಸರ್ವರ್‌ಗೆ ಮಾನ್ವಿಯ ಗೆಳೆಯರನ್ನು ಸೇರಿಸಿಕೊಳ್ಳುವುದು ಇಷ್ಟು ಸುಲಭವಲ್ಲ. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಹೀಗಾಗಿ ಹೊರಗಿನಿಂದ ಬರುವ ಕರೆ ಯಾರ ಮೊಬೈಲ್‌ಗೆ ಸೇರಬೇಕೆಂಬುದು ನಿರ್ಧಾರವಾಗದೆ ಬಾಗಿಲಲ್ಲೇ ಉಳಿಯುತ್ತದೆ. ಮೊಬೈಲ್‌ನ ಐಪಿ ವಿಳಾಸ 100.64ರಿಂದ 100.127ರ ನಡುವೆ ಆರಂಭವಾದರೆ ಇದೇ ಕಾರಣವೆಂದು ತಿಳಿಯಬಹುದು. ಟೇಲ್‌ಸ್ಕೇಲ್‌ನಂತಹ ಖಾಸಗಿ ಜಾಲದ ಆ್ಯಪನ್ನು ಎಲ್ಲರೂ ಅಳವಡಿಸಿಕೊಳ್ಳುವುದು ಇದಕ್ಕೆ ಪರಿಹಾರ. ಆಗ ಅಪರಿಚಿತರಿಗೆ ಸರ್ವರ್ ಕಾಣುವುದೂ ಇಲ್ಲ.

ಬಿಸಿಲಿನ ಸವಾಲು

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಸರ್ವರ್‌ನ ಮೊದಲ ಶತ್ರು ಶಾಖ. ಐಫೋನ್‌ಗಳನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸುವಂತೆ ಆಪಲ್ ಸೂಚಿಸಿದೆ. ಸರ್ವರ್ ಕೆಲಸ, ಹಾಟ್‌ಸ್ಪಾಟ್ ಹಾಗೂ ಚಾರ್ಜಿಂಗ್ ಮೂರೂ ಏಕಕಾಲಕ್ಕೆ ನಡೆದರೆ ಮೊಬೈಲ್ ಕಾದು ವೇಗ ತಗ್ಗುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಕವಚ ತೆಗೆದು, ನೆರಳಿನಲ್ಲಿ, ಫ್ಯಾನ್ ಗಾಳಿಗೆ ಇಡುವುದು ಲೇಸು. ಬ್ಯಾಟರಿ ಉಬ್ಬಿದ ಹಳೆಯ ಮೊಬೈಲನ್ನು ಈ ಕಾರ್ಯಕ್ಕೆ ಬಳಸಲೇಕೂಡದು. ವಿದ್ಯುತ್ ಕಡಿತವಾದಾಗಲೂ ಸರ್ವರ್ ನಿಲ್ಲದಿರುವುದು ಮಾತ್ರ ಮೊಬೈಲ್‌ನ ಅನುಕೂಲ.

ಗಮನಿಸಬೇಕಾದ ಅಂಶಗಳು

* ಹಾಟ್‌ಸ್ಪಾಟ್ ಹಾಗೂ ಸರ್ವರ್ ಎರಡಕ್ಕೂ ಪಾಸ್‌ವರ್ಡ್ ಇರಲಿ.
* ಎಲ್ಲರ ಆಟದ ಆವೃತ್ತಿಯೂ ಹೊಂದಿಕೆಯಾಗುವಂತಿರಬೇಕು.
* ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.
* ಕಂಪನಿಯ ಹಂಗು ತಪ್ಪಿದಂತೆ ಕಾಪಾಡುವ ಹೊಣೆಯೂ ಬಳಕೆದಾರರದೇ. ಮೊಬೈಲ್ ಕಳೆದರೆ ತಿಂಗಳುಗಟ್ಟಲೆ ಕಟ್ಟಿದ ಆಟದ ಲೋಕವೂ ಕಳೆದಂತೆ. ಆದ್ದರಿಂದ ಅದರ ಪ್ರತಿಯೊಂದನ್ನು ಬೇರೆ ಸಾಧನದಲ್ಲಿ ಆಗಾಗ ಉಳಿಸಿಕೊಳ್ಳಬೇಕು.