ಬಸರೂರಿನ ಅಳಿವೆಯೂ ಗಲಬತಗಳೂ

ಹತ್ತೊಂಬತ್ತನೆಯ ಶತಮಾನದ ನೌಕಾಚರಿತ್ರೆಯಲ್ಲಿ ‘ಗನ್‌ಬೋಟ್’ ಎಂಬ ಕಿರಿಯ ಸಮರನೌಕೆಗೆ ವಿಶಿಷ್ಟ ಸ್ಥಾನವುಂಟು. ಕ್ರಿಮಿಯಾ ಯುದ್ಧದ (1853-56) ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯು ಇಂಥ ನೂರಕ್ಕೂ ಹೆಚ್ಚು ನೌಕೆಗಳನ್ನು ಕಟ್ಟಿಸಿತು. ದೊಡ್ಡ ಹಡಗುಗಳು ಪ್ರವೇಶಿಸಲಾರದ ಆಳವಿಲ್ಲದ ನೀರಿಗೆ ತೋಪುಗಳನ್ನು ಒಯ್ಯುವುದೇ ಇವುಗಳ ಉದ್ದೇಶ. ಆದರೆ ಈ ತತ್ತ್ವವು ಆವಿಯಂತ್ರದೊಡನೆ ಹುಟ್ಟಿದುದಲ್ಲ. ಕುಂದಾಪುರದ ಕಡಲತೀರವು ಅದನ್ನು ಎರಡು ಶತಮಾನಗಳಷ್ಟು ಮೊದಲೇ ಕಂಡಿತ್ತೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಸ್ಥಳದ ಸ್ವರೂಪವನ್ನು ಗಮನಿಸೋಣ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಒಂದಾಗಿ ಸಮುದ್ರವನ್ನು ಸೇರುತ್ತವೆ. ಪೋರ್ಚುಗೀಜರು ಬಾರ್ಸೆಲೋರ್ ಎಂದು ಕರೆದ ಬಸರೂರು ಕಡಲ ದಂಡೆಯಲ್ಲಿಲ್ಲ. ವಾರಾಹಿಯ ದಡದಲ್ಲಿ, ಒಳನಾಡಿನಲ್ಲಿದೆ. ಅಳಿವೆಯಲ್ಲಿ ಮರಳದಿಬ್ಬಗಳು ಏಳುತ್ತವೆ, ಸರಿಯುತ್ತವೆ. ಆದುದರಿಂದ ದೊಡ್ಡ ಹಡಗು ಹೊರಗೆ ಲಂಗರು ಹಾಕಿ ನಿಲ್ಲಬೇಕು. ಒಳಹೊಗುವುದು ಸಣ್ಣ ನೌಕೆ ಮಾತ್ರ.

ಅಂಥ ನೌಕೆಗಳಲ್ಲಿ ಗಲಬತವು ಮುಖ್ಯವಾದುದು. ಹದಿನೆಂಟನೆಯ ಶತಮಾನದ ಇತಿಹಾಸಕಾರ ರಾಬರ್ಟ್ ಓರ್ಮ್ ಇದನ್ನು ವರ್ಣಿಸಿದ್ದಾನೆ. ಅತಿ ದೊಡ್ಡ ಗಲಬತವೂ 70 ಟನ್ನುಗಳನ್ನು ಮೀರುವುದು ಅಪೂರ್ವ. ಎರಡು ಕೂವೆಮರಗಳು, 40-50 ಹುಟ್ಟುಗಳು. ಹುಟ್ಟುಹಾಕಿ ಗಂಟೆಗೆ 4 ಮೈಲಿ ಸಾಗಿಸಬಹುದಾಗಿತ್ತು. ದೊಡ್ಡವುಗಳಲ್ಲಿ 2ರಿಂದ 4 ಪೌಂಡು ತೂಕದ ಗುಂಡೆಸೆಯುವ 6-8 ತೋಪುಗಳಿರುತ್ತಿದ್ದವು. ಗಾಳಿ ನಿಂತರೂ ನಿಲ್ಲದ ನೌಕೆ ಇದು.

ಇಂಥ ನೌಕೆಗಳಿಗೆ ಇಲ್ಲಿ ಕೆಲಸವಿದ್ದುದು ಮುಖ್ಯವಾಗಿ ಅಕ್ಕಿಯ ನಿಮಿತ್ತ. ಗೋವೆಯ ಪೋರ್ಚುಗೀಜರು ಕನ್ನಡ ಕರಾವಳಿಯ ಅಕ್ಕಿಯನ್ನು ಬಹುವಾಗಿ ಅವಲಂಬಿಸಿದ್ದರು. 1569ರಲ್ಲಿ ಬಸರೂರಿನಲ್ಲಿ ನೆಲೆಯೂರಿದ ಅವರು ಅಕ್ಕಿಯ ದೋಣಿಗಳನ್ನು ‘ಕಾಫಿಲ’ವಾಗಿ ಕೂಡಿಸಿ, ಹುಟ್ಟಿನ ಸಮರನೌಕೆಗಳ ಬೆಂಗಾವಲಿನಲ್ಲಿ ಗೋವೆಗೆ ಸಾಗಿಸುತ್ತಿದ್ದರು. ಮಹಾಸಾಗರವನ್ನು ದಾಟಿದ ಹಡಗುಗಳಿದ್ದರೂ ಅನ್ನಕ್ಕಾಗಿ ಅವರು ಸಣ್ಣ ನೌಕೆಯನ್ನೇ ನಂಬಬೇಕಾಯಿತು. 1652-54ರ ಅವಧಿಯಲ್ಲಿ ಕೆಳದಿಯ ಶಿವಪ್ಪನಾಯಕನು ಬಸರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಅವರನ್ನು ಹೊರದೂಡಿದನು.

ನೆಲದ ಕಡೆಯಿಂದ ಭದ್ರವಾದ ಈ ಪಟ್ಟಣವು ಕಡಲ ಕಡೆಯಿಂದ ಎಷ್ಟು ದುರ್ಬಲವಾಗಿತ್ತೆಂಬುದು 1665ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಶಿವಾಜಿಯು ಸ್ವತಃ ಸಮುದ್ರಮಾರ್ಗವಾಗಿ ಬಂದು ಸಿರಿವಂತ ಬಸರೂರನ್ನು ಸೂರೆಗೊಂಡನು. ಕಾರವಾರದ ಇಂಗ್ಲಿಷ್ ವರ್ತಕರು ಆತನ ಬಳಿ 85 ‘ಫ್ರಿಗೇಟು’ಗಳೂ 3 ದೊಡ್ಡ ಹಡಗುಗಳೂ ಇದ್ದುವೆಂದು ಬರೆದರು. ಇಲ್ಲಿ ಫ್ರಿಗೇಟೆಂದರೆ ಮುಂದಿನ ಕಾಲದ ಯೂರೋಪಿನ ಭಾರಿ ಹಡಗಲ್ಲ, ಗಲಬತದಂಥ ಕಿರುನೌಕೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹಿಂದಿರುಗುವಾಗ ಗೋಕರ್ಣದಲ್ಲಿ ಸ್ನಾನಮಾಡಿ, ನೌಕಾಬಲವನ್ನು ಕಳುಹಿಸಿಕೊಟ್ಟು, ಸೈನ್ಯವನ್ನು ನದಿಗಳ ದಾಟಿಸಲೆಂದು 12 ನೌಕೆಗಳನ್ನು ಮಾತ್ರ ಆತನು ಉಳಿಸಿಕೊಂಡನು. ಕಡಲಲ್ಲಿ ಸಮರನೌಕೆ, ಹೊಳೆಯಲ್ಲಿ ದಾಟುದೋಣಿ: ಗಲಬತದ ಉಪಯುಕ್ತತೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

1799ರಲ್ಲಿ ಕನ್ನಡ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು. 1812ರಲ್ಲಿ ಮಾಲವಣವೂ ಅದರ ವಶವಾದ ಬಳಿಕ ಈ ತೀರದ ನೌಕಾಕಲಹಗಳು ಅಡಗುತ್ತ ಬಂದವು. 1863ರಲ್ಲಿ ಬೊಂಬಾಯಿಯ ‘ಇಂಡಿಯನ್ ನೇವಿ’ಯೇ ರದ್ದಾಯಿತು. ತೋಪುಗಳು ಹೋದರೂ ಮಂಜಿ, ಪತ್ತೆಮಾರಿಗಳು ಅದೇ ಅಳಿವೆಯಲ್ಲಿ ಅಕ್ಕಿಯನ್ನೂ ಮುಂದೆ ಹೆಂಚನ್ನೂ ಹೊತ್ತು ನಡೆದವು.

ಸಮುದ್ರಾಧಿಪತ್ಯವನ್ನು ದೊಡ್ಡ ಹಡಗುಗಳ ಸಂಖ್ಯೆಯಿಂದಲೇ ಅಳೆಯುವ ರೂಢಿ ನಮ್ಮ ಪಠ್ಯಗಳಲ್ಲಿದೆ. ಬಸರೂರಿನ ಚರಿತ್ರೆಯು ಕಲಿಸುವುದು ಬೇರೆ. ಈ ತೀರದಲ್ಲಿ ಅಧಿಪತ್ಯವನ್ನು ನಿರ್ಣಯಿಸಿದುದು ಅಳಿವೆಯ ನೀರಿನ ಆಳ, ಅದನ್ನರಿತ ಅಂಬಿಗನ ಕೈ.