ಹಂಡೆಯ ಬಾಯಿ

ಸವಣೂರು ತಾಲೂಕಿನ ಹತ್ತಿಮತ್ತೂರಿನಂಥ ಊರುಗಳ ಹಳೆಯ ಮನೆಗಳನ್ನು ಕಂಡವರಿಗೆ ಬಚ್ಚಲಮನೆಯ ಹಂಡೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮಣ್ಣಿನ ಒಲೆಯಲ್ಲಿ ಹೂತು ಕೂಡಿಸಿದ ತಾಮ್ರದ ಪಾತ್ರೆ. ಹೊರಮೈಯೆಲ್ಲ ಮಸಿ, ಒಳಮೈ ಹೊಳಪು. ಹತ್ತಿ ಬೆಳೆಯುವ ಸೀಮೆಯಾದುದರಿಂದ ಉರುವಲಿಗೆ ಹತ್ತಿಕಟಿಗೆಯೇ ಆಧಾರ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಯನ್ನು ಬೆಳಗಿ, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ ಪೂಜಿಸುವರು. ಪೂಜೆ ಸಲ್ಲುವದು ನೀರಿಗೋ ಪಾತ್ರೆಗೋ ಎಂಬ ಚರ್ಚೆ ಇಲ್ಲಿ ಬೇಡ. ಆ ಪಾತ್ರೆಗೆ ಅಗಲವಾದ ಬಾಯಿ ಇತ್ತು; ನನಗೆ ಬೇಕಾದುದು ಅಷ್ಟೇ.

ಆ ಬಾಯಿಯೇ ಅದರ ರಕ್ಷಣೆಯಾಗಿತ್ತು. ಎಷ್ಟೇ ಉರಿ ಹಾಕಿದರೂ ಉಗಿ ಮೇಲೆ ಹೋಗುತ್ತಿತ್ತು. ನೀರು 100 ಡಿಗ್ರಿಯನ್ನು ದಾಟುತ್ತಿರಲಿಲ್ಲ. ಮಕ್ಕಳು ಮೈ ಸುಟ್ಟುಕೊಳ್ಳುತ್ತಿರಲಿಲ್ಲವೆಂದಲ್ಲ. ಆದರೆ ಹಂಡೆ ಸಿಡಿಯಿತೆಂಬ ಮಾತನ್ನು ಯಾರೂ ಕೇಳಿರಲಿಕ್ಕಿಲ್ಲ. ಮುಂದೆ ನಮ್ಮ ಕಡೆಯ ಪೇಟೆಯ ಮನೆಗಳಿಗೆ ಬಂದ ಬಂಬು, ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು ಇರುವ ಆ ತಾಮ್ರದ ಕಂಬ, ಅದೂ ಈ ಧರ್ಮವನ್ನು ಬಿಡಲಿಲ್ಲ. ಮೇಲಿನಿಂದ ಒಂದು ತಂಬಿಗೆ ತಣ್ಣೀರು ಸುರಿದರೆ ಕೆಳಗೆ ಒಂದು ತಂಬಿಗೆ ಬಿಸಿನೀರು.

ಬಾಯಿ ಮುಚ್ಚಿದ ಪಾತ್ರೆಯ ಕಥೆ ಬೇರೆ. ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬವನು 1679ರಲ್ಲಿ ಎಲುಬನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯೊಂದನ್ನು ಲಂಡನ್ನಿನ ಪಂಡಿತರಿಗೆ ತೋರಿಸಿದನು. ಅದು ಒಡೆಯದಂತೆ, ತೂಕ ಹೇರಿದ ಸನ್ನೆಯಿಂದ ಒತ್ತಿ ಹಿಡಿದ ಬಿರಡೆಯೊಂದನ್ನು ಅದಕ್ಕೆ ಅಳವಡಿಸಿದನು. ಒತ್ತಡ ಮಿತಿಮೀರಿದರೆ ಬಿರಡೆ ತಾನಾಗಿ ಏಳುವದು. ಸೇಫ್ಟಿ ವಾಲ್ವಿನ ಮೂಲಪುರುಷ ಈತನೇ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಸ್ನಾನದ ನೀರು ಕಾಯಿಸುವ ಯಂತ್ರವನ್ನು ಮಾಡಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ಅದಕ್ಕಿಟ್ಟನು. ನಮ್ಮ ‘ಗೀಸರ್’ ಶಬ್ದದ ಊರು ಅದು. ಕಾಯಿಸಿದ ನೀರನ್ನು ಟ್ಯಾಂಕಿನಲ್ಲಿ ತುಂಬಿಡುವ ಸ್ವಯಂಚಾಲಿತ ಏರ್ಪಾಡನ್ನು 1889ರಲ್ಲಿ ಅಮೇರಿಕೆಯ ಎಡ್ವಿನ್ ರೂಡ್ ಮಾಡಿದನು.

ನಮ್ಮ ದೇಶದಲ್ಲಿ 1863ರಲ್ಲಿ ಕಲಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತ ಮೇಲೆ, ಮರುವರ್ಷವೇ ಬಂಗಾಲದಲ್ಲಿ ತನಿಖೆಯ ಕಾನೂನು ಬಂದಿತು. 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯಿದೆಯಾಯಿತು. ಆದರೆ 2007ರ ತಿದ್ದುಪಡಿಯು ನೀರು 100 ಡಿಗ್ರಿಗಿಂತ ಕಡಿಮೆ ಕಾಯುವ ಪಾತ್ರೆಗಳನ್ನು ಬಾಯ್ಲರಿನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಲಾಡ್ಜು, ಹಾಸ್ಟೆಲು, ಕಲ್ಯಾಣಮಂಟಪಗಳ ಮಾಳಿಗೆಯ ಮೇಲಿನ ಟ್ಯಾಂಕುಗಳು ಈ ಗುಂಪಿಗೇ ಸೇರಿದವು. ನೀರು ನೂರರೊಳಗೇ ಇರುವದೆಂಬ ನಂಬಿಕೆ ನಿಂತಿರುವದು ಒಂದು ಚಿಕ್ಕ ಥರ್ಮೋಸ್ಟಾಟಿನ ಮೇಲೆ. ಅದು ಕೆಟ್ಟು, ಸೇಫ್ಟಿ ವಾಲ್ವೂ ಕಟ್ಟಿಕೊಂಡರೆ ಒತ್ತಡದಲ್ಲಿ ನೀರು ಕುದಿಯದೆಯೇ 100 ಡಿಗ್ರಿಯನ್ನು ದಾಟಿ ಕಾಯುವದು. ಟ್ಯಾಂಕು ಸೀಳಿದ ಕ್ಷಣ ಅದರಲ್ಲೊಂದು ಪಾಲು ಉಗಿಯಾಗುವದು. ಉಗಿಗೆ ಬೇಕಾದ ಸ್ಥಳವೋ ನೀರಿನ ಸುಮಾರು 1,600 ಪಟ್ಟು.

ಕೆಲ ವರ್ಷಗಳ ಹಿಂದೆ ಮೌಲ್ಯಮಾಪನದ ಕೆಲಸಕ್ಕೆ ಹೋದಾಗ ಒಂದು ಲಾಡ್ಜಿನಲ್ಲಿ ಇಳಿದಿದ್ದೆನು. ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರೆ, 500 ಲೀಟರಿನ ಟ್ಯಾಂಕಿನ ವಾಲ್ವಿನ ಕೊಳವೆಗೆ ಕಟ್ಟಿಗೆಯ ಬೂಚು ಹೊಡೆದಿತ್ತು. ಮ್ಯಾನೇಜರನನ್ನು ಕೇಳಿದೆನು. “ಸೋರತಿತ್ತರಿ ಸರ್, ದಿನಾ ಅರ್ಧ ಬಕೀಟ ನೀರ ಹಾಳ. ಅದಕ್ಕ ಬೂಚ ಹೊಡದೇವ್ರಿ.”

ಪಾಪ, ಅವನ ಲೆಕ್ಕ ತಪ್ಪಿರಲಿಲ್ಲ. 500 ಲೀಟರು ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು ಏಳೂವರೆ ಲೀಟರಿನಷ್ಟು ಹಿಗ್ಗುವದು. ಬಂದ ದಾರಿಯಲ್ಲಿ ಹಿಂದೆ ಸರಿಯಲು ಆಸ್ಪದವಿಲ್ಲದಿದ್ದರೆ ಅದು ವಾಲ್ವಿನಿಂದಲೇ ಹೊರಬೀಳಬೇಕು. ಅಂಥ ಸೋರಿಕೆ ರೋಗವಲ್ಲ, ಉಸಿರಾಟ. ಬೋರಿನ ಗಡಸು ನೀರಾದರಂತೂ ಬೂಚು ಬೇಕಿಲ್ಲ. ಸುಣ್ಣದ ಹಕ್ಕಳೆಯೇ ವಾಲ್ವನ್ನು ಕಟ್ಟಿಬಿಡುವದು. ಅದಕ್ಕಾಗಿಯೇ ವಾಲ್ವಿನ ಹಿಡಿಯನ್ನು ಆಗಾಗ ಎತ್ತಿ ನೋಡಬೇಕು. ಅದರ ಕೊಳವೆ ಜನ ಓಡಾಡದ ಕಡೆಗೆ, ಕೆಳಮುಖವಾಗಿ, ಬಿರಡೆಯಿಲ್ಲದೆ ಇರಬೇಕು.

“ಹಂಗಾರ ಕಾವು ಕಡಿಮಿ ಮಾಡೇನ್ರಿ, ಕರೆಂಟೂ ಉಳೀತದ” ಎಂದನು. ಅದೂ ಬೇಡವೆಂದೆನು. 1976ರಲ್ಲಿ ಫಿಲಡೆಲ್ಫಿಯಾದ ಹೊಟೇಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರು ವಿಚಿತ್ರವಾದ ಶ್ವಾಸರೋಗದಿಂದ ಸತ್ತಾಗ ಲೀಜನೆಲ್ಲಾ ಎಂಬ ಸೂಕ್ಷ್ಮಾಣು ಗೊತ್ತಾಯಿತು. ಉಗುರುಬೆಚ್ಚಗಿನ ನಿಂತ ನೀರೆಂದರೆ ಅದಕ್ಕೆ ತವರುಮನೆ. ಆದ್ದರಿಂದ ಟ್ಯಾಂಕಿನಲ್ಲಿ 60 ಡಿಗ್ರಿ ಇರಬೇಕು. ಆದರೆ 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಸುಡುವದಾದುದರಿಂದ, ನಳಕ್ಕೆ ಬರುವ ಮೊದಲೇ ತಣ್ಣೀರು ಬೆರೆಸುವ ವಾಲ್ವು ಬೇಕು. ನಮ್ಮ ಅಜ್ಜಿಯಂದಿರು ಇದನ್ನು ಬೆರಳ ತುದಿಯಿಂದ ಮಾಡುತ್ತಿದ್ದರು.

ಮ್ಯಾನೇಜರನು ಕರೆಂಟು ತೆಗೆಸಿ, ಮರುದಿನ ಟ್ಯಾಂಕು ತಣಿದ ಮೇಲೆ ಆಳನ್ನು ಕರೆಸಿ ಬೂಚನ್ನು ಕೀಳಿಸಿದನು. ನಾನು ಊರು ಬಿಡುವ ದಿನ ಮಾಳಿಗೆಯ ಮೇಲೆ ಕೊಳವೆಯ ಕೆಳಗೊಂದು ಬಕೀಟು ಬಂದು ಕೂತಿತ್ತು. ನೆಲ ಒರೆಸುವ ಹುಡುಗ ಆ ನೀರನ್ನೇ ಒಯ್ಯುತ್ತಿದ್ದನು.